ಗೋವಾ 70.3: ಓಟದಲ್ಲಿ ಕುಸಿಯದೆ ಅರ್ಧ ದೂರದ ಟ್ರಯಥ್ಲಾನ್ ಮುಗಿಸುವ ಕ್ರಮ

ಗೋವಾದ ಐರನ್‌ಮ್ಯಾನ್ 70.3 ಎಂದರೆ ಈಜು, ಬೈಕ್ (ಸೈಕಲ್), ಓಟ ಮೂರನ್ನೂ ಒಂದರ ಹಿಂದೊಂದರಂತೆ ಮುಗಿಸಬೇಕಾದ ಟ್ರಯಥ್ಲಾನ್. ಪ್ರತಿ ವರ್ಷ ಆ ಸ್ಪರ್ಧೆ ಮುಗಿದ ವಾರ ನನ್ನ ಬಳಿಗೆ ಬರುವ ದೂರು ಒಂದೇ. "ಈಜು ಚೆನ್ನಾಗಿತ್ತು, ಬೈಕಿನಲ್ಲಿ ಅಂದುಕೊಂಡದ್ದಕ್ಕಿಂತ ಹತ್ತು ನಿಮಿಷ ಮೊದಲೇ ಬಂದೆ, ಓಟದ ಹನ್ನೆರಡನೇ ಕಿಲೋಮೀಟರಿನಲ್ಲಿ ಕಾಲೇ ಏಳಲಿಲ್ಲ." ಈ ದೂರಿನ ನಡುವಿನ ತುಂಡಿನಲ್ಲೇ ಕೊನೆಯ ತುಂಡಿಗೆ ಕಾರಣ ಕೂತಿರುತ್ತದೆ. ಕುಸಿತ ಕಾಣಿಸಿಕೊಳ್ಳುವುದು ಓಟದಲ್ಲಾದರೂ ಅದು ತಯಾರಾಗುವುದು ಬೈಕಿನ ಮೇಲೆ, ಕುಡಿಯದೆ ಉಳಿಸಿದ ಬಾಟಲಿಯಲ್ಲಿ, ಕೆಲವೊಮ್ಮೆ ಬೆಳಗಿನ ತಿಂಡಿಯ ತಟ್ಟೆಯಲ್ಲಿ.

ಈಜುಕೊಳದಲ್ಲಿ ನಿಲ್ಲದೆ 2 ಕಿಲೋಮೀಟರ್ ಈಜಬಲ್ಲ, 90 ಕಿಲೋಮೀಟರ್ ಸೈಕಲ್ ತುಳಿಯಬಲ್ಲ, ಅರ್ಧ ಮ್ಯಾರಥಾನ್ ಓಡಿ ಅಭ್ಯಾಸವಿರುವ, ಆದರೆ ಈ ಮೂರನ್ನೂ ಒಂದೇ ದಿನ ಜೋಡಿಸಲು ಹೋಗಿ ಎಡವುತ್ತಿರುವ ಓದುಗರಿಗಾಗಿ ಈ ಬರಹ. ಕೊನೆಯ ಆರು ವಾರಗಳಿಂದ ಗೆರೆ ದಾಟುವವರೆಗೆ ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದಷ್ಟೇ ಇಲ್ಲಿದೆ.

ಹಂತ 1: ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಲೆಕ್ಕ ಹಾಕಿ

1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಬೈಕ್, 21.1 ಕಿಲೋಮೀಟರ್ ಓಟ. ಮೂರೂ ಸೇರಿ 70.3 ಮೈಲಿ, ಪೂರ್ಣ ಐರನ್‌ಮ್ಯಾನ್ ದೂರದ ಅರ್ಧ. ಈಜಿಗೆ 1 ಗಂಟೆ 10 ನಿಮಿಷ, ಈಜು ಮತ್ತು ಬೈಕ್ ಸೇರಿ 5 ಗಂಟೆ 30 ನಿಮಿಷ, ಒಟ್ಟು 8 ಗಂಟೆ 30 ನಿಮಿಷ ಎಂಬ ಗಡುವುಗಳು ಈ ದೂರದ ಸ್ಪರ್ಧೆಗಳಲ್ಲಿ ಸಾಮಾನ್ಯ. ಆ ವರ್ಷದ ಗಡುವುಗಳನ್ನು ಆಯೋಜಕರ ಕೈಪಿಡಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಕಾಗದದ ಮೇಲೆ ನಿಮ್ಮ ವೇಗವನ್ನಲ್ಲ, ನೀವು ಎಲ್ಲೆಲ್ಲಿ ಎಷ್ಟು ಹೊತ್ತಿಗೆ ಇರುತ್ತೀರಿ ಎಂಬುದನ್ನು ಬರೆಯಿರಿ. ಬೆಳಿಗ್ಗೆ 7ಕ್ಕೆ ನೀರಿಗಿಳಿದು 50 ನಿಮಿಷ ಈಜಿ, 8 ನಿಮಿಷದಲ್ಲಿ ಬಟ್ಟೆ ಸರಿಮಾಡಿಕೊಂಡು, 3 ಗಂಟೆ 40 ನಿಮಿಷ ಬೈಕ್ ತುಳಿದು, ಓಟಕ್ಕೆ ಸಜ್ಜಾಗಲು ಇನ್ನೊಂದು 6 ನಿಮಿಷ ಕಳೆದರೆ ಓಟ ಶುರುವಾಗುವುದು 11 ಗಂಟೆ 44 ನಿಮಿಷಕ್ಕೆ. ಅಂದರೆ ನಿಮ್ಮ ಅರ್ಧ ಮ್ಯಾರಥಾನ್ ಪಣಜಿಯ ನಡುಮಧ್ಯಾಹ್ನದ ಬಿಸಿಲಿನಲ್ಲಿ, ಕಡಲ ಸೆಕೆಯಲ್ಲಿ, ಎರಡೂವರೆಯವರೆಗೆ ನಡೆಯುತ್ತದೆ. ಪುರುಷರ ವಿಭಾಗದ ಮುಂಚೂಣಿಯ ವೃತ್ತಿಪರರು ಈ ದೂರವನ್ನು ನಾಲ್ಕು ಗಂಟೆಯೊಳಗೆ ಮುಗಿಸುವುದರಿಂದ ಅಷ್ಟು ಹೊತ್ತಿಗೆ ಅವರು ಸ್ನಾನ ಮಾಡಿ ಊಟಕ್ಕೆ ಕೂತಿರುತ್ತಾರೆ. ಆದ್ದರಿಂದ ಅವರ ಶಿಸ್ತನ್ನು ಕಲಿಯಬಹುದು, ಅಂಕಿಗಳನ್ನು ಮಾತ್ರ ಎರವಲು ತರುವಂತಿಲ್ಲ. ಅವರದು ವೇಗದ ಪರೀಕ್ಷೆಯಾದರೆ ನಮ್ಮದು ಬಿಸಿಲಿನ ಮತ್ತು ಹೊಟ್ಟೆಯ ಪರೀಕ್ಷೆ.

ನಿಮಿಷಗಳ ಬೆಲೆಗೆ ಒಂದು ಉದಾಹರಣೆ ಕೊಡುತ್ತೇನೆ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಗೆರೆ ದಾಟಿದ ಸಮಯ 8 ಗಂಟೆ 27 ನಿಮಿಷ 32 ಸೆಕೆಂಡ್. ಎಂಟೂವರೆ ಗಂಟೆಯ ಗಡುವಿಗೆ ಉಳಿದಿದ್ದದ್ದು ಎರಡೂವರೆ ನಿಮಿಷಕ್ಕಿಂತ ಕಡಿಮೆ. ಒಂದು ಪಂಕ್ಚರ್ ಆಗಿದ್ದರೆ ಅಷ್ಟೂ ಹೋಗುತ್ತಿತ್ತು.

ಹಂತ 2: ಬಿಸಿಲಿಗೆ ಮೈ ಪಳಗಿಸಿ, ಬೆವರು ತೂಗಿ

ಬೆಂಗಳೂರು, ಮೈಸೂರಿನವರು ಕಡೆಗಣಿಸುವ ಹಂತ ಇದು. ಬೆಳಿಗ್ಗೆ ಐದಕ್ಕೆ ಎದ್ದು ತಂಪು ಹೊತ್ತಿನಲ್ಲಿ ಅಭ್ಯಾಸ ಮುಗಿಸುವವರ ದೇಹಕ್ಕೆ ಕರಾವಳಿಯ ಮಧ್ಯಾಹ್ನದ ಪರಿಚಯವೇ ಇರುವುದಿಲ್ಲ. ದೇಹ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಈ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಸ್ಪರ್ಧೆಗೆ ಮೂರು ವಾರ ಇರುವಾಗಿನಿಂದ ಎರಡು ವಾರಗಳ ಕಾಲ, ದಿನ ಬಿಟ್ಟು ದಿನವಾದರೂ, ಹಗುರಾದ ಓಟವನ್ನು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟುಕೊಳ್ಳಿ. 30 ನಿಮಿಷದಿಂದ ಶುರುಮಾಡಿ ಒಂದು ಗಂಟೆಯವರೆಗೆ ಏರಿಸಿ. ಈ ಓಟಗಳಲ್ಲಿ ವೇಗದ ಮಾತೇ ಬೇಡ.

ಇದೇ ಅವಧಿಯಲ್ಲಿ ಬೆವರಿನ ಲೆಕ್ಕ ಮಾಡಿ. ಓಟಕ್ಕೆ ಮೊದಲು ಬರೀ ಮೈಯಲ್ಲಿ ತೂಕ ನೋಡಿ, ಏನೂ ಕುಡಿಯದೆ ಒಂದು ಗಂಟೆ ಬಿಸಿಲಿನಲ್ಲಿ ಓಡಿ, ಮೈ ಒರೆಸಿಕೊಂಡು ಮತ್ತೆ ತೂಗಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ. ಹೋದದ್ದನ್ನೆಲ್ಲ ತುಂಬಿಸುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಮುಕ್ಕಾಲು ಪಾಲು ತುಂಬಿಸಿದರೆ ಸಾಕು. ಬೆವರಿದ್ದಕ್ಕಿಂತ ಹೆಚ್ಚು ಬರೀ ನೀರು ಕುಡಿಯುವುದು ಕಡಿಮೆ ಕುಡಿಯುವುದಕ್ಕಿಂತಲೂ ಅಪಾಯ. ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಬೆರಳುಗಳ ಊತ, ಮಂಕು ಕಾಣಿಸಿಕೊಳ್ಳುತ್ತವೆ.

ಕಡಲಿನ ಅಭ್ಯಾಸಕ್ಕೆ ಬೇರೆಯೇ ತೊಡಕಿದೆ. ಸ್ಪರ್ಧೆ ನಡೆಯುವುದು ಅಕ್ಟೋಬರ್ ಅಥವಾ ನವೆಂಬರಿನಲ್ಲಿ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಕಡಲಿಗೆ ಇಳಿಯುವುದು ಜೀವಕ್ಕೇ ಅಪಾಯ. ಹಾಗಾಗಿ ಸಿಗುವುದು ಕೆಲವೇ ವಾರ. ಸ್ಥಳೀಯ ಈಜುಗಾರರ ಜೊತೆಯಲ್ಲಿ, ಜೀವರಕ್ಷಕರಿರುವ ಕಡೆ, ಎರಡು ಸಲವಾದರೂ ಅಲೆಯಲ್ಲಿ ಈಜಿ ಬನ್ನಿ. ಒಂಟಿಯಾಗಿ ಇಳಿಯಬೇಡಿ.

ಹಂತ 3: ಸಲಕರಣೆ ಜೋಡಿಸಿ, ಬೈಕನ್ನು ಪೆಟ್ಟಿಗೆಗೆ ತುಂಬಿ

ಅಗತ್ಯವಾದದ್ದು ಇಷ್ಟೇ: ಟ್ರೈ ಸೂಟ್ (ಈಜು, ಬೈಕ್, ಓಟ ಮೂರಕ್ಕೂ ತೊಡುವ ಒಂದೇ ಉಡುಪು), ಎರಡು ಜೊತೆ ಈಜು ಕನ್ನಡಕ, ಹೆಲ್ಮೆಟ್, ನಂಬರ್ ಬೆಲ್ಟ್, ಬೈಕ್ ಶೂ, ಓಟದ ಶೂ, ಟೋಪಿ, ವ್ಯಾಸಲೀನ್, ಎರಡು ಟ್ಯೂಬ್, ಟೈರ್ ಲಿವರ್, ಸಣ್ಣ ಪಂಪ್, ಅಲೆನ್ ಕೀ. ಅರಬ್ಬಿ ಸಮುದ್ರದ ನೀರು ಆ ತಿಂಗಳುಗಳಲ್ಲಿ ಬೆಚ್ಚಗಿರುವುದರಿಂದ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ವೆಟ್‌ಸೂಟ್ ಕೊಳ್ಳಲು ಹಣ ಸುರಿಯಬೇಡಿ. 24.5 ಡಿಗ್ರಿಗಿಂತ ಬೆಚ್ಚಗಿನ ನೀರಿನಲ್ಲಿ ವಯೋವರ್ಗದವರು, ಅಂದರೆ ವೃತ್ತಿಪರರಲ್ಲದ ನಮ್ಮಂಥವರು, ಅದನ್ನು ತೊಟ್ಟರೆ ಪ್ರಶಸ್ತಿಯ ಲೆಕ್ಕಕ್ಕೆ ಬರುವುದಿಲ್ಲ. ವಿಮಾನದಲ್ಲಿ ಹೋಗುವವರು ಗಾಳಿ ತುಂಬುವ ಅನಿಲದ ಕ್ಯಾಪ್ಸೂಲ್‌ಗಳನ್ನು ನಂಬಿಕೊಳ್ಳಬಾರದು, ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಬೈಕ್ ಬಿಚ್ಚುವ ಮುನ್ನ ಸೀಟ್ ಪೋಸ್ಟ್ ಫ್ರೇಮಿನೊಳಗೆ ಇಳಿಯುವ ಜಾಗಕ್ಕೆ ಸರಿಯಾಗಿ ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿ. ಹ್ಯಾಂಡಲ್ ಕೋನಕ್ಕೂ ಹಾಗೆಯೇ ಗುರುತು ಮಾಡಿ. ಸೀಟು ಒಂದು ಸೆಂಟಿಮೀಟರ್ ಏರುಪೇರಾದರೂ 90 ಕಿಲೋಮೀಟರ್ ಆಗುವಷ್ಟರಲ್ಲಿ ಮಂಡಿ ಅಥವಾ ಸೊಂಟ ಲೆಕ್ಕ ಕೇಳುತ್ತದೆ. ಎಡ ಪೆಡಲಿನ ತಿರುಪಿನ ಮರೆ ಉಲ್ಟಾ, ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ, ಮರೆಯನ್ನೇ ಸವೆಸಿದವರನ್ನು ನೋಡಿದ್ದೇನೆ.

ಗೋವಾದಲ್ಲಿ ಜೋಡಿಸಿದ ಕೂಡಲೇ ಹಿಂದಿನ ಗೇರುಗಳನ್ನೆಲ್ಲ ಒಂದೊಂದಾಗಿ ಬದಲಿಸಿ ನೋಡಿ. ದೊಡ್ಡ ಹಲ್ಲುಚಕ್ರಕ್ಕೆ ಏರುವಾಗ ಕಟಕಟ ಸದ್ದು ಬಂದರೆ ಡಿರೈಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೈಲರನ್ನು ಫ್ರೇಮಿಗೆ ಹಿಡಿಸುವ ಕೊಂಡಿ) ದಾರಿಯಲ್ಲಿ ಬಾಗಿದೆ ಎಂದರ್ಥ. ಹಾಗೆಯೇ ಹೋದರೆ ಏರಿನಲ್ಲಿ ಡಿರೈಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡು ಸ್ಪರ್ಧೆ ಅಲ್ಲಿಗೇ ಮುಗಿಯುತ್ತದೆ. ಹಿಂದಿನ ಚಕ್ರದ ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಐದಾರು ಸಲ, ಕೈಗೆ ಗ್ರೀಸ್ ಹತ್ತಿದರೂ ಸರಿ, ಗಡಿಯಾರ ಇಟ್ಟುಕೊಂಡು ಮಾಡಿ. ಹತ್ತು ನಿಮಿಷದೊಳಗೆ ಬರುವವರೆಗೆ ಬಿಡಬೇಡಿ.

ಹಂತ 4: ಹಿಂದಿನ ದಿನ ಮತ್ತು ಬೆಳಗಿನ ತಿಂಡಿ

ಹಿಂದಿನ ದಿನ ಮಧ್ಯಾಹ್ನ ಅನ್ನವನ್ನು ಧಾರಾಳವಾಗಿ ಉಣ್ಣಿ, ರಾತ್ರಿ ಬೇಗ ಮತ್ತು ಹಿತಮಿತವಾಗಿ. ಸೊಪ್ಪು, ಕಾಳು, ಹಸಿ ತರಕಾರಿ ಆ ದಿನ ಬೇಡ. ನಾರು ಮರುದಿನ ಹೊಟ್ಟೆಯಲ್ಲಿ ಜಗಳಕ್ಕೆ ನಿಲ್ಲುತ್ತದೆ. ಗೋವಾದ ಮೀನೂಟ ಸ್ಪರ್ಧೆಯ ನಂತರವೂ ಸಿಗುತ್ತದೆ, ತಾಳಿಕೊಳ್ಳಿ.

ಬೆಳಿಗ್ಗೆ ಸ್ಪರ್ಧೆಗೆ ಮೂರು ಗಂಟೆ ಮೊದಲು ತಿಂಡಿ ಮುಗಿದಿರಬೇಕು. ನಾಲ್ಕು ಇಡ್ಲಿಗೆ ಜೇನುತುಪ್ಪ ಅಥವಾ ಸಕ್ಕರೆ, ಒಂದು ಬಾಳೆಹಣ್ಣು, ರೂಢಿಯಿದ್ದರೆ ಕಾಫಿ ಸಾಕು. ಕೊಬ್ಬಿರುವ ತೆಂಗಿನಕಾಯಿ ಚಟ್ನಿ, ಬೇಳೆಯ ಸಾಂಬಾರ್ ಎರಡೂ ಬೇಡ. ಹೋಟೆಲಿನಲ್ಲಿ ನಾಲ್ಕು ಗಂಟೆಗೆ ಇಡ್ಲಿ ಸಿಗುವುದಿಲ್ಲವಾದ್ದರಿಂದ ಬ್ರೆಡ್ಡು, ಜಾಮ್, ಬಾಳೆಹಣ್ಣು ಹಿಂದಿನ ಸಂಜೆಯೇ ಕೋಣೆಯಲ್ಲಿರಲಿ. ಮೈಕೈ ನೋವು ಬಾರದಿರಲೆಂದು ಮುಂಚಿತವಾಗಿ ನೋವಿನ ಮಾತ್ರೆ ನುಂಗುವ ಅಭ್ಯಾಸ ಕೆಲವರಲ್ಲಿದೆ. ಐಬುಪ್ರೊಫೆನ್‌ನಂತಹ ಮಾತ್ರೆಗಳು ಬಿಸಿಲಿನಲ್ಲಿ ನೀರಾರಿದ ದೇಹದ ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ, ಆದ್ದರಿಂದ ಅವನ್ನು ಮುಟ್ಟಬೇಡಿ.

ಹಂತ 5: ಈಜು

ಮೊದಲ 200 ಮೀಟರನ್ನು ನಿಮಗೆ ಸಾಧ್ಯವಾದಷ್ಟು ನಿಧಾನವಾಗಿ ಈಜಿ. ಪಣಜಿಯ ಮಿರಾಮಾರ್ ತೀರದಲ್ಲಿ ನೀರಿಗಿಳಿದ ಕೂಡಲೇ ಎದೆ ಹೊಡೆದುಕೊಂಡು ಉಸಿರು ಮೇಲುಮೇಲೆ ಬಂದರೆ ಅದಕ್ಕೆ ಸಾಮಾನ್ಯ ಕಾರಣ ನೀರಿನೊಳಗೆ ಉಸಿರು ಬಿಡದೆ ಹಿಡಿದಿಟ್ಟುಕೊಳ್ಳುವುದು. ಮುಖ ನೀರಿನಲ್ಲಿರುವಾಗ ಗುಳ್ಳೆ ಬಿಡುತ್ತಾ ಇದ್ದರೆ ನೂರು ಮೀಟರಿನಲ್ಲಿ ಸರಿಹೋಗುತ್ತದೆ. ಆಗದಿದ್ದರೆ ಅಂಗಾತ ತೇಲಿ.

ಆರರಿಂದ ಹತ್ತು ಬೀಸಿಗೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ದಾರಿ ತೋರುವ ತೇಲುಬುರುಡೆಯನ್ನು ನೋಡಿ, ತಕ್ಷಣ ತಲೆ ಇಳಿಸಿ. ಇಡೀ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ದಿಕ್ಕು ನೋಡದೆ ಈಜಿದವರು 1.9 ಕಿಲೋಮೀಟರನ್ನು 2.2 ಮಾಡಿಕೊಂಡು ಬರುತ್ತಾರೆ. ಉಪ್ಪುನೀರಿನಲ್ಲಿ ಕತ್ತು ಸೂಟಿಗೆ ಉಜ್ಜಿ ಸುಲಿಯುವುದರಿಂದ ಕತ್ತಿನ ಹಿಂಭಾಗಕ್ಕೂ ಕಂಕುಳಿಗೂ ವ್ಯಾಸಲೀನ್ ಬಳಿಯಿರಿ. ಹಚ್ಚಿದ ಬೆರಳಲ್ಲಿ ಮಾತ್ರ ಕನ್ನಡಕ ಮುಟ್ಟಬಾರದು.

ಜೆಲ್ಲಿಮೀನು ಕುಟುಕಿದರೆ ಗಾಬರಿಯಾಗದಿರಿ. ಸ್ವಿಟ್ಜರ್ಲೆಂಡಿನ ಡೇನಿಯೆಲಾ ರೀಫ್ 2018ರಲ್ಲಿ ಹವಾಯಿಯ ಪೂರ್ಣ ದೂರದ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಗುವ ನಿಮಿಷಗಳ ಮುನ್ನ ಕುಟುಕಿಸಿಕೊಂಡು, ಈಜಿನಲ್ಲಿ ಬಹಳ ಹಿಂದೆ ಬಿದ್ದರೂ ಕೊನೆಗೆ ಗೆದ್ದರು. ಆದರೆ ಮುಖ ಊದಿದರೆ, ಗಂಟಲು ಬಿಗಿದರೆ, ಕೆಮ್ಮಿನೊಂದಿಗೆ ನಸುಗೆಂಪು ನೊರೆ ಬಂದರೆ ಅಥವಾ ನಿಧಾನಿಸಿದರೂ ಉಸಿರು ಕಟ್ಟುತ್ತಲೇ ಇದ್ದರೆ ಕೈ ಎತ್ತಿ ಕಾವಲಿಗಿರುವ ಸಣ್ಣ ದೋಣಿಯನ್ನು (ಕಯಾಕ್) ಕರೆಯಿರಿ. ಅದರಿಂದ ಮುಂದಕ್ಕೆ ಎಳೆಸಿಕೊಳ್ಳದೆ, ಹಿಡಿದುಕೊಂಡು ದಣಿವಾರಿಸಿಕೊಳ್ಳಲು ನಿಯಮದಲ್ಲಿ ಅಡ್ಡಿಯಿಲ್ಲ. ನಸುಗೆಂಪು ನೊರೆ ಕಂಡ ಮೇಲೆ ಮಾತ್ರ ಮತ್ತೆ ಈಜಲೇಬಾರದು, ಅದು ಶ್ವಾಸಕೋಶದಲ್ಲಿ ನೀರು ತುಂಬಿದ ಗುರುತು.

ಹಂತ 6: ಮೊದಲ ಟ್ರಾನ್ಸಿಷನ್, ಅಂದರೆ ಈಜಿನಿಂದ ಬೈಕಿಗೆ

ಮರಳಿನ ಮೇಲೆ ಬರುತ್ತಲೇ ಕ್ಯಾಪ್ ಮತ್ತು ಕನ್ನಡಕ ಕಳಚಿ. ಚೀಲ ತೆರೆದ ಮೇಲೆ ಕಾಲಿನ ಮರಳನ್ನು ಬಾಟಲಿ ನೀರಿನಲ್ಲಿ ತೊಳೆದು ಒರೆಸಿ, ಸಾಕ್ಸ್, ಶೂ, ನಂಬರ್ ಬೆಲ್ಟ್, ಕೊನೆಗೆ ಹೆಲ್ಮೆಟ್ ಹಾಕಿ. ಹೆಲ್ಮೆಟ್ಟಿನ ಬಕಲ್ ಬಿಗಿದ ನಂತರವೇ ಬೈಕ್ ಮುಟ್ಟಬೇಕು, ಹತ್ತುವ ಗೆರೆ ದಾಟುವವರೆಗೆ ಅದನ್ನು ತಳ್ಳಿಕೊಂಡೇ ಹೋಗಬೇಕು. ಮರಳು ಒರೆಸಲು ಖರ್ಚಾಗುವ ಒಂದು ನಿಮಿಷ ಓಟದಲ್ಲಿ ಬೊಬ್ಬೆಯಿಲ್ಲದ ಪಾದವಾಗಿ ಮರಳಿ ಸಿಗುತ್ತದೆ. ವೃತ್ತಿಪರರಂತೆ ಶೂಗಳನ್ನು ಪೆಡಲಿಗೆ ಮೊದಲೇ ಸಿಕ್ಕಿಸಿಟ್ಟು ಹಾರಿ ಹತ್ತುವ ಸಾಹಸ ಮೊದಲ ಸಲದವರಿಗೆ ಬೇಡ.

ಹಂತ 7: ಬೈಕ್, ಅಂದರೆ ಓಟದ ಮೊದಲ ಭಾಗ

ಮೊದಲ 15 ನಿಮಿಷ ಏನನ್ನೂ ತಿನ್ನಬೇಡಿ. ಹೊಟ್ಟೆಗೆ ಹೋದ ಉಪ್ಪುನೀರು ಇಳಿಯಲಿ, ಎದೆಬಡಿತ ಕೆಳಗೆ ಬರಲಿ. ಈ ಹೊತ್ತಿನಲ್ಲಿ ಹತ್ತಾರು ಜನ ನಿಮ್ಮನ್ನು ಹಿಂದಿಕ್ಕುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಜನ ಮಧ್ಯಾಹ್ನ ರಸ್ತೆಬದಿಯಲ್ಲಿ ನಡೆಯುತ್ತಾ ಸಿಗುತ್ತಾರೆ ಎಂದು ಪಣ ಕಟ್ಟಬಲ್ಲೆ.

ಪವರ್ ಮೀಟರ್ (ತುಳಿತದ ಶಕ್ತಿ ಅಳೆಯುವ ಸಾಧನ) ಇದ್ದವರು ಒಂದು ಗಂಟೆ ಉಳಿಸಿಕೊಳ್ಳಬಲ್ಲ ಗರಿಷ್ಠ ಶಕ್ತಿಯ, ಅಂದರೆ ಎಫ್‌ಟಿಪಿಯ, ಶೇ 70ರಿಂದ 75ರೊಳಗೆ ಇರಿ. ತರಬೇತಿ ಪುಸ್ತಕಗಳು ಶೇ 80ರ ಮೇಲೂ ಹೋಗಬಹುದು ಎನ್ನುತ್ತವೆ, ಆದರೆ ಅದು ಎರಡೂವರೆ ಗಂಟೆಯಲ್ಲಿ ಬೈಕ್ ಮುಗಿಸುವವರ ಮಾತು. ಮೀಟರ್ ಇಲ್ಲದವರಿಗೆ ನನ್ನ ಪರೀಕ್ಷೆ ಸರಳ: ಒಂದು ಪೂರ್ತಿ ವಾಕ್ಯವನ್ನು ಉಸಿರು ತುಂಡಾಗದಂತೆ ಜೋರಾಗಿ ಹೇಳಲು ಬರಬೇಕು. ಏರಿನಲ್ಲಿ ಎದ್ದು ನಿಂತು ತುಳಿಯುವ ಆಸೆಯಾದಾಗ ಒಂದು ಗೇರ್ ಹಗುರ ಮಾಡಿ ಕೂತೇ ಇರಿ. ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿ ಬಾಟಲಿಗೆ ಕೈ ಹಾಕಿ.

ಮುಂದಿನ ಬೈಕಿನಿಂದ 12 ಮೀಟರ್ ಅಂತರ ಕಾಯುವುದು ನಿಯಮ. ಆ ಅಂತರದೊಳಗೆ ಹೊಕ್ಕ ಮೇಲೆ 25 ಸೆಕೆಂಡಿನಲ್ಲಿ ದಾಟಿ ಮುಂದೆ ಹೋಗಬೇಕು. ಬೆಂಗಳೂರಿನ ವಾರಾಂತ್ಯದ ಗುಂಪು ಸವಾರಿಯಲ್ಲಿ ಒಬ್ಬರ ಹಿಂದೊಬ್ಬರು ಗಾಳಿ ತಪ್ಪಿಸಿಕೊಂಡು ಗಂಟೆಗೆ 32 ಕಿಲೋಮೀಟರ್ ಹೋಗುವವರು ಒಬ್ಬರೇ ಹೋದಾಗ 27ಕ್ಕೆ ಇಳಿಯುತ್ತಾರೆ. ಅದನ್ನು ಸೋಲೆಂದು ತಿಳಿದು ಒತ್ತಿ ತುಳಿಯುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಒಂಟಿಯಾಗಿ 90 ಕಿಲೋಮೀಟರ್ ತುಳಿದು ನಿಮ್ಮ ನಿಜವಾದ ವೇಗವನ್ನು ಮೊದಲೇ ತಿಳಿದುಕೊಂಡಿರಿ.

ಇನ್ನು ತಿನ್ನುವ ವಿಚಾರ. ಗಂಟೆಗೆ 60ರಿಂದ 70 ಗ್ರಾಂ ಶರ್ಕರಪಿಷ್ಟ ಬೇಕು. ಬರೀ ಗ್ಲೂಕೋಸ್ ಕುಡಿದರೆ ಕರುಳು ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಹೀರಲಾರದು. ಫ್ರಕ್ಟೋಸ್ ಬೇರೆ ಬಾಗಿಲಿನಿಂದ ಒಳಹೋಗುವುದರಿಂದ ಎರಡೂ ಸೇರಿದಾಗ ಮಿತಿ ಏರುತ್ತದೆ. ವೃತ್ತಿಪರರು ಈಗ ಗಂಟೆಗೆ 100 ಗ್ರಾಂ ದಾಟಿಸುವುದು ಹೀಗೆಯೇ, ಆದರೆ ಅದರ ಹಿಂದೆ ತಿಂಗಳುಗಟ್ಟಲೆ ಹೊಟ್ಟೆಯನ್ನು ಪಳಗಿಸಿದ ಶ್ರಮವಿರುತ್ತದೆ. ನಮ್ಮ ಅಡುಗೆಮನೆಯ ಸಕ್ಕರೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಮಸಮ ಇವೆ. 750 ಮಿಲಿಲೀಟರ್ ಬಾಟಲಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕದಡಿದರೆ ಅಗ್ಗದ, ಪರೀಕ್ಷಿತ ಪಾನಕ ಸಿದ್ಧ. ಇಂಥ ಎರಡು ಬಾಟಲಿ, 25 ಗ್ರಾಂ ಶರ್ಕರಪಿಷ್ಟವಿರುವ ಮೂರು ಜೆಲ್ ಪೊಟ್ಟಣ, ಒಂದು ಬಾಳೆಹಣ್ಣು ಸೇರಿದರೆ ಸುಮಾರು 220 ಗ್ರಾಂ, ಮೂರೂ ಮುಕ್ಕಾಲು ಗಂಟೆಗೆ ಸಾಕು. ಜೆಲ್ಲನ್ನು ನೀರಿನ ಜೊತೆಗೇ ನುಂಗಬೇಕು, ಪಾನಕದ ಜೊತೆ ನುಂಗಿದರೆ ಹೊಟ್ಟೆಯಲ್ಲಿ ಸಕ್ಕರೆ ಗಟ್ಟಿಯಾಗಿ ಓಕರಿಕೆ ಬರುತ್ತದೆ. ವಾಚಿನಲ್ಲಿ 15 ನಿಮಿಷಕ್ಕೊಮ್ಮೆ ಅಲಾರಂ ಇಟ್ಟು, ಬಾಯಾರಿಕೆಯಾಗಲಿ ಬಿಡಲಿ, ಅದು ಕೂಗಿದಾಗಲೆಲ್ಲ ನಾಲ್ಕು ಗುಟುಕು ಕುಡಿಯಿರಿ. ಇಲ್ಲಿ ಹೇಳಿದ ಯಾವುದನ್ನೂ ಸ್ಪರ್ಧೆಯ ದಿನ ಮೊದಲ ಬಾರಿಗೆ ಪ್ರಯೋಗಿಸಬೇಡಿ.

ಆಹಾರವನ್ನೆಲ್ಲ ಒಂದೇ ಬಾಟಲಿಯಲ್ಲಿ ಇಡಬಾರದೆಂದು ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ಸ್ಪರ್ಧೆಯಲ್ಲಿ ಮೂರು ಗಂಟೆಯ ಸಕ್ಕರೆಯನ್ನೆಲ್ಲ ಒಂದೇ ಬಾಟಲಿಯಲ್ಲಿ ಮಂದವಾಗಿ ಕಲಸಿ ಸೀಟಿನ ಹಿಂದಿನ ಕೇಜಿಗೆ, ಅಂದರೆ ಬಾಟಲಿ ಹಿಡಿಕೆಗೆ, ಸಿಕ್ಕಿಸಿದ್ದೆ. ಹನ್ನೆರಡನೇ ಕಿಲೋಮೀಟರಿನಲ್ಲಿ ಒಂದು ಹಂಪ್ ಹಾರಿದಾಗ ಹಿಂದೆ ಟಪ್ ಎಂಬ ಸದ್ದಾಯಿತು. ತಿರುಗಿ ನೋಡಿದರೆ ಬಾಟಲಿ ರಸ್ತೆಯ ಆಚೆ ಬದಿಗೆ ಉರುಳಿ, ಎದುರು ಬರುತ್ತಿದ್ದ ಬೈಕುಗಳ ನಡುವೆ ಅಂಟಂಟಾದ ಹಳದಿ ಪಟ್ಟೆ ಎಳೆಯುತ್ತಿತ್ತು. ಇಳಿದು ಎತ್ತಿಕೊಳ್ಳುವ ಹಾಗಿರಲಿಲ್ಲ. ಓಟದ ಒಂಬತ್ತನೇ ಕಿಲೋಮೀಟರಿನಲ್ಲಿ ನಡಿಗೆ ಶುರುವಾಯಿತು. ಅಂದಿನಿಂದ ಕೇಜಿನ ಒಳಮೈಗೆ ಟೇಪ್ ಸುತ್ತಿ ಹಿಡಿತ ಬಿಗಿ ಮಾಡುತ್ತೇನೆ, ಹಿಂದಿನ ಕೇಜಿನಲ್ಲಿ ಬರೀ ನೀರು ಇಡುತ್ತೇನೆ.

ಬೈಕಿನ ಮೇಲೆ ಗಮನಿಸಬೇಕಾದ ಗುರುತುಗಳು ಮೂರು. ಎರಡು ಗಂಟೆ ಕಳೆದರೂ ಮೂತ್ರದ ಸುಳಿವೇ ಇಲ್ಲದಿದ್ದರೆ ಕುಡಿದದ್ದು ಸಾಲದು. ಹೊಟ್ಟೆ ಉಬ್ಬಿ ಒಳಗೆ ನೀರು ಕುಲುಕಿದರೆ ವೇಗ ಹೆಚ್ಚಾಗಿದೆ. ಹತ್ತು ನಿಮಿಷ ನಿಧಾನಿಸಿ ಬರೀ ನೀರು ಗುಟುಕರಿಸಿದರೆ ಹೆಚ್ಚಿನ ಸಲ ಇಳಿಯುತ್ತದೆ. ಸಿಹಿ ಕಂಡರೆ ಅಸಹ್ಯವಾಗತೊಡಗಿದರೆ ತಿನ್ನುವುದನ್ನು ನಿಲ್ಲಿಸದೆ ಬಾಳೆಹಣ್ಣು ಅಥವಾ ಉಪ್ಪಿನ ತಿಂಡಿಗೆ ಬದಲಾಯಿಸಿ.

ಹಂತ 8: ಓಟ

ಬೈಕ್ ಇಳಿದಾಗ ಕಾಲು ಮರದ ಕೊರಡಿನಂತಾಗಿರುತ್ತದೆ, ವೇಗದ ಅಂದಾಜು ಕೈಕೊಡುತ್ತದೆ. ನಿಧಾನ ಅನ್ನಿಸುತ್ತಿರುವಾಗಲೇ ವಾಚು ನಿಮ್ಮ ಗುರಿಗಿಂತ ಕಿಲೋಮೀಟರಿಗೆ ಮುಕ್ಕಾಲು ನಿಮಿಷ ವೇಗ ತೋರಿಸುತ್ತದೆ. ಮೊದಲ ಮೂರು ಕಿಲೋಮೀಟರನ್ನು ಗುರಿಗಿಂತ ಕಿಲೋಮೀಟರಿಗೆ 20 ಸೆಕೆಂಡ್ ನಿಧಾನವಾಗಿ ಓಡಿ. ಇದಕ್ಕಾಗಿಯೇ ಅಭ್ಯಾಸದ ದಿನಗಳಲ್ಲಿ ಬೈಕ್ ಇಳಿದ ಕೂಡಲೇ ಓಡುವ ರೂಢಿ ಇರಬೇಕು. ಸ್ಪರ್ಧೆಗೆ ಮೂರು ವಾರ ಇರುವಾಗ 80 ಕಿಲೋಮೀಟರ್ ಬೈಕ್, ಹಿಂದೆಯೇ 8 ಕಿಲೋಮೀಟರ್ ಓಟ ನಾನು ಎಲ್ಲರಿಗೂ ಕಡ್ಡಾಯ ಮಾಡುವ ಪಾಠ.

ಪ್ರತಿ ನೀರಿನ ಕೇಂದ್ರದಲ್ಲೂ ನಡೆಯಿರಿ. ಇದರಲ್ಲಿ ನಾಚಿಕೆಯಿಲ್ಲ. ಮೂವತ್ತು ಹೆಜ್ಜೆ ನಡೆಯುವಾಗ ಕ್ರಮ ಹೀಗಿರಲಿ: ಮೊದಲು ತಲೆ ಮತ್ತು ಕತ್ತಿನ ಮೇಲೆ ನೀರು, ನಂತರ ಟೋಪಿಯೊಳಗೂ ಸೂಟಿನ ಎದೆಭಾಗಕ್ಕೂ ಮಂಜುಗಡ್ಡೆ, ಆಮೇಲೆ ಎರಡು ಗುಟುಕು ಪಾನೀಯ. ಶೂ ಒದ್ದೆಯಾಗದಂತೆ ಮುಂದಕ್ಕೆ ಬಾಗಿ ಸುರಿದುಕೊಳ್ಳಿ. ಓಟದಲ್ಲಿ ಹೊಟ್ಟೆ ಕಡಿಮೆ ಹೀರುವುದರಿಂದ ಗಂಟೆಗೆ 40 ಗ್ರಾಂ ಸಾಕು. ಹನ್ನೆರಡನೇ ಕಿಲೋಮೀಟರ್ ಆದ ಮೇಲೆ ಕೋಲಾ ಕುಡಿಯಬಹುದು, ಆದರೆ ಶುರುಮಾಡಿದರೆ ಕೊನೆಯವರೆಗೂ ಪ್ರತಿ ಕೇಂದ್ರದಲ್ಲೂ ಕುಡಿಯಬೇಕಾಗುತ್ತದೆ, ನಡುವೆ ಬಿಟ್ಟರೆ ಸೋರಿದ ಬಲೂನಿನಂತಾಗುತ್ತೀರಿ.

ತೊಡೆ ಹಿಡಿದುಕೊಳ್ಳುವುದು, ಬೊಬ್ಬೆ, ದಣಿವು ಇವೆಲ್ಲ ನಡೆದು ಸುಧಾರಿಸಿಕೊಳ್ಳಬಹುದಾದ ತೊಂದರೆಗಳು. ಉರಿಬಿಸಿಲಿನಲ್ಲಿ ಮೈ ಜುಮ್ಮೆಂದು ಚಳಿಯಾಗುವುದು, ಬೆವರು ನಿಂತುಹೋಗುವುದು, ನೇರ ಗೆರೆಯಲ್ಲಿ ಹೆಜ್ಜೆ ಇಡಲಾಗದಿರುವುದು, ಎಷ್ಟನೇ ಸುತ್ತು ಎಂಬುದೇ ಮರೆಯುವುದು ಅಂಥವಲ್ಲ, ಅವು ಉಷ್ಣಾಘಾತದ ಮುನ್ಸೂಚನೆ. 2016ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕೊಜುಮೆಲ್‌ನಲ್ಲಿ, ಇದಕ್ಕಿಂತ ಕಡಿಮೆ ದೂರದ ಸ್ಪರ್ಧೆಯಲ್ಲೇ, ಮೊದಲ ಸ್ಥಾನದಲ್ಲಿದ್ದ ಬ್ರಿಟನ್ನಿನ ಜಾನಿ ಬ್ರೌನ್ಲಿ ಕೊನೆಯ ಕೆಲವು ನೂರು ಮೀಟರುಗಳಲ್ಲಿ ತೂರಾಡತೊಡಗಿದಾಗ ಅವರ ಅಣ್ಣ ಅಲಿಸ್ಟೇರ್ ಹೆಗಲು ಕೊಟ್ಟು ಗೆರೆ ದಾಟಿಸಬೇಕಾಯಿತು. ಒಲಿಂಪಿಕ್ ಪದಕ ಗೆದ್ದ ದೇಹವೇ ಹಾಗೆ ಕೈಬಿಡುವುದಾದರೆ ನಮ್ಮದರ ಬಗ್ಗೆ ಹೇಳುವುದೇನಿದೆ! ಆ ಗುರುತುಗಳಲ್ಲಿ ಒಂದು ಕಂಡರೂ ಅಲ್ಲೇ ನಿಂತು, ನೆರಳಿಗೆ ಸರಿದು, ಸ್ವಯಂಸೇವಕರನ್ನು ಕೂಗಿ ಕರೆಯಿರಿ. ಪಕ್ಕದವರಲ್ಲಿ ಕಂಡರೂ ಅದನ್ನೇ ಮಾಡಿ, ಏಕೆಂದರೆ ಮಂಕು ಕವಿದವರಿಗೆ ತಮಗೆ ಮಂಕು ಕವಿದಿದೆ ಎಂಬುದು ತಿಳಿಯುವುದಿಲ್ಲ.

ಹಂತ 9: ಗೆರೆ ದಾಟಿದ ಮೇಲೆ

ತಕ್ಷಣ ಕೂರಬೇಡಿ. ಹತ್ತು ನಿಮಿಷ ನಿಧಾನವಾಗಿ ಅಡ್ಡಾಡುತ್ತಾ, ಮೈಮೇಲೆ ತಣ್ಣೀರು ಸುರಿದುಕೊಂಡು, ಉಪ್ಪು ಬೆರೆತ ಏನನ್ನಾದರೂ ಗುಟುಕರಿಸಿ. ನಿಂತಲ್ಲೇ ನಿಂತರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲಿಡುತ್ತದೆ. ಒಂದು ಗಂಟೆಯೊಳಗೆ ಮೊಸರನ್ನ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಆ ರಾತ್ರಿ ಮತ್ತು ಮರುದಿನ ಮೂತ್ರದ ಬಣ್ಣ ಗಮನಿಸಿ. ಕಡು ಕಾಫಿಯ ಬಣ್ಣವಿದ್ದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಏಟು ಬೀಳುತ್ತಿರುವ ಸೂಚನೆಯಾಗಿರಬಹುದು, ಕಾಯದೆ ಆಸ್ಪತ್ರೆಗೆ ಹೋಗಿ.

ಬೈಕನ್ನು ಅದೇ ಸಂಜೆ ಸಿಹಿನೀರಿನಲ್ಲಿ ಒರೆಸಿ ಚೈನಿಗೆ ಎಣ್ಣೆ ಬಿಡಿ. ಕಡಲ ಗಾಳಿಯ ಉಪ್ಪಿನ ಜೊತೆ ಚೆಲ್ಲಿದ ಪಾನಕವೂ ಸೇರಿದರೆ ಬೋಲ್ಟುಗಳು ಎರಡೇ ದಿನದಲ್ಲಿ ತುಕ್ಕು ಹಿಡಿಯುತ್ತವೆ. ಪೆಟ್ಟಿಗೆಗೆ ತುಂಬುವ ಕೆಲಸವನ್ನು ಮಾತ್ರ ಬೆಳಿಗ್ಗೆಗೆ ಬಿಡಿ, ಎಡ ಪೆಡಲಿನ ಮರೆ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದು ಆ ರಾತ್ರಿ ಯಾರಿಗೂ ನೆನಪಿರುವುದಿಲ್ಲ.